ಬೌದ್ಧಿಕ ಆಸ್ತಿ ವಿವಾದಗಳ ನ್ಯಾಯಾಲಯೇತರ ಪರಿಹಾರ: ಚೆನ್ನೈ

ಬೌದ್ಧಿಕ ಆಸ್ತಿ ವಿವಾದಗಳ ನ್ಯಾಯಾಲಯೇತರ ಪರಿಹಾರ ಎಂದರೆ ಪೇಟೆಂಟ್, ಟ್ರೇಡ್‌ಮಾರ್ಕ್, ಕೃತಿಸ್ವಾಮ್ಯ, ವಿನ್ಯಾಸ, ಭೌಗೋಳಿಕ ಸೂಚಿ, ಡೊಮೇನ್ ಹೆಸರು ಮೊದಲಾದವುಗಳ ಮೇಲಿನ ಹಕ್ಕಿನ ಬಗ್ಗೆ ಹುಟ್ಟುವ ತಕರಾರನ್ನು ನ್ಯಾಯಾಲಯದ ತೀರ್ಪಿನವರೆಗೆ ಒಯ್ಯದೆ ಮಾತುಕತೆ, ಮಧ್ಯಸ್ಥಿಕೆ, ಸಂಧಾನ ಅಥವಾ ಆರ್ಬಿಟ್ರೇಷನ್ ಮೂಲಕ ಇತ್ಯರ್ಥಪಡಿಸುವ ವ್ಯವಸ್ಥೆ. ನೋಂದಣಿ ಕಚೇರಿಗಳ ಮುಂದೆ ನಡೆಯುವ ಆಕ್ಷೇಪಣೆಯ ವಿಚಾರಣೆ ನ್ಯಾಯಾಲಯದ ಹೊರಗೇ ನಡೆದರೂ ಅದು ಅಧಿಕಾರಿಯ ತೀರ್ಮಾನ, ಪಕ್ಷಗಾರರ ಒಪ್ಪಂದವಲ್ಲ. ಆದರೆ ರಾಜಿಗಳಲ್ಲಿ ಹಲವು ಕುದುರುವುದು ಆ ಹಂತದಲ್ಲೇ ಆದ್ದರಿಂದ ಅದನ್ನೂ ಇಲ್ಲಿ ಪರಿಗಣಿಸಿದೆ.

ಭಾರತದಲ್ಲಿ ಈ ವ್ಯವಸ್ಥೆ ಬೆಳೆದ ಮುಖ್ಯ ನಗರಗಳಲ್ಲಿ ಚೆನ್ನೈ ಒಂದು. ದೇಶಕ್ಕೆಲ್ಲ ಒಂದೇ ಆದ ಭೌಗೋಳಿಕ ಸೂಚಿಗಳ ನೋಂದಣಿ ಕಚೇರಿ ಗಿಂಡಿಯಲ್ಲಿದೆ. ದಕ್ಷಿಣದ ರಾಜ್ಯಗಳ ಟ್ರೇಡ್‌ಮಾರ್ಕ್ ಮತ್ತು ಪೇಟೆಂಟ್ ಅರ್ಜಿಗಳು ಬರುವುದೂ ಅಲ್ಲಿಗೇ. ಕರ್ನಾಟಕ ಅದೇ ವಲಯಕ್ಕೆ ಸೇರಿದೆ. ಬೆಂಗಳೂರಿನ ಅಗರಬತ್ತಿ ತಯಾರಕರೊಬ್ಬರು ತಮ್ಮ ಮುದ್ರೆಯನ್ನು ನೋಂದಾಯಿಸಲು ಹೊರಟರೆ ಅರ್ಜಿ ತಲಪುವುದು ಚೆನ್ನೈ ಕಚೇರಿಗೆ. ಅದಕ್ಕೆ ಎದುರಾಳಿ ಆಕ್ಷೇಪಣೆ ಸಲ್ಲಿಸುವುದೂ ಅಲ್ಲಿಯೇ.

ಪರಿಭಾಷೆ

ಈ ಲೇಖನದಲ್ಲಿ ‘ಮಧ್ಯಸ್ಥಿಕೆ’ ಎಂದರೆ ತೀರ್ಪು ಕೊಡುವ ಅಧಿಕಾರವಿಲ್ಲದ ಮೂರನೆಯ ವ್ಯಕ್ತಿ ಎರಡೂ ಕಡೆಯವರನ್ನು ಕೂರಿಸಿ, ಅವರೇ ಒಂದು ಒಪ್ಪಂದಕ್ಕೆ ಬರುವಂತೆ ನೆರವಾಗುವ ಕ್ರಮ. ಅವರನ್ನು ಮಧ್ಯಸ್ಥಗಾರ ಎನ್ನುತ್ತಾರೆ. ‘ಸಂಧಾನ’ವೂ ಹೆಚ್ಚು ಕಡಿಮೆ ಹೀಗೆಯೇ, ಆದರೆ ಸಂಧಾನಕಾರ ರಾಜಿಯ ಷರತ್ತುಗಳನ್ನು ತಾನೇ ಮುಂದಿಡಬಹುದು. ‘ಆರ್ಬಿಟ್ರೇಷನ್’ ಬೇರೆಯೇ ಜಾತಿ. ಪಕ್ಷಗಾರರು ಒಪ್ಪಿ ನೇಮಿಸಿಕೊಂಡ ಆರ್ಬಿಟ್ರೇಟರ್ ಸಾಕ್ಷ್ಯ ಕೇಳಿ ಆದೇಶ ನೀಡುತ್ತಾರೆ. ‘ಅವಾರ್ಡ್’ ಎಂದು ಕರೆಯುವ ಆ ಆದೇಶ ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿಯಾಗುತ್ತದೆ. ಕೇಸು ಆರಂಭದಲ್ಲಿರುವಾಗಲೇ ಅನುಭವಿ ತಜ್ಞರೊಬ್ಬರು ಎರಡೂ ಕಡೆಯ ಬಲಾಬಲವನ್ನು ತೂಗಿ ಅಭಿಪ್ರಾಯ ಹೇಳುವ ‘ಪೂರ್ವಭಾವಿ ತಟಸ್ಥ ಮೌಲ್ಯಮಾಪನ’ ಎಂಬ ನಾಲ್ಕನೆಯ ಕ್ರಮವೂ ಉಂಟು. ದೆಹಲಿ ಹೈಕೋರ್ಟ್ 2007ರಲ್ಲಿ ಬಾವಾ ಮಸಾಲಾ ಕಂಪನಿಯ ಟ್ರೇಡ್‌ಮಾರ್ಕ್ ಕೇಸಿನಲ್ಲಿ ಇದನ್ನು ಬಳಸಿತು. ಚೆನ್ನೈಯಲ್ಲಿ ಇದಕ್ಕೆ ಅಷ್ಟು ಬಳಕೆಯಿಲ್ಲ.

ಹಿನ್ನೆಲೆ

ನ್ಯಾಯಾಲಯದ ಹೊರಗಿನ ದಾರಿಯನ್ನು ಹುಡುಕುವಂತೆ ಮಾಡಿದ್ದು ಮುಖ್ಯವಾಗಿ ವಿಳಂಬ. ಬೆಂಗಳೂರಿನ ಖೋಡೆ ಡಿಸ್ಟಿಲರೀಸ್ ಸಂಸ್ಥೆಯ ‘ಪೀಟರ್ ಸ್ಕಾಟ್’ ವಿಸ್ಕಿಯ ಹೆಸರನ್ನು ರಿಜಿಸ್ಟರಿನಿಂದ ತೆಗೆದುಹಾಕಬೇಕೆಂದು ಸ್ಕಾಚ್ ವಿಸ್ಕಿ ಅಸೋಸಿಯೇಷನ್ ಅರ್ಜಿ ಹಾಕಿದ್ದು 1986ರಲ್ಲಿ. ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್, ಮದ್ರಾಸ್ ಹೈಕೋರ್ಟ್, ಸುಪ್ರೀಂ ಕೋರ್ಟ್ ಹೀಗೆ ಮೂರು ಮೆಟ್ಟಿಲು ಹತ್ತಿ ಅದು ಮುಗಿದದ್ದು 2008ರ ಮೇ ತಿಂಗಳಲ್ಲಿ. ಸ್ಕಾಚ್ ಸಂಘ ವರ್ಷಗಟ್ಟಲೆ ಸುಮ್ಮನಿದ್ದು ತಡವಾಗಿ ಬಂದಿದೆ ಎಂಬ ಕಾರಣಕ್ಕೆ ಖೋಡೆ ಪರವಾಗಿ ತೀರ್ಪು ಬಂತು. ತಡವನ್ನು ಕುರಿತ ಆ ತೀರ್ಪು ಬರುವುದಕ್ಕೇ 22 ವರ್ಷ ಹಿಡಿದಿತ್ತು.

ಸಿವಿಲ್ ಪ್ರಕ್ರಿಯಾ ಸಂಹಿತೆಗೆ 89ನೇ ಸೆಕ್ಷನ್ ಸೇರಿಸಿದ 1999ರ ತಿದ್ದುಪಡಿ 2002ರ ಜುಲೈ 1ರಿಂದ ಜಾರಿಗೆ ಬಂತು. ಬಾಕಿಯಿರುವ ದಾವೆಯಲ್ಲಿ ರಾಜಿಯ ಅಂಶ ಕಂಡುಬಂದರೆ ಅದನ್ನು ಆರ್ಬಿಟ್ರೇಷನ್, ಸಂಧಾನ, ಲೋಕ ಅದಾಲತ್ ಅಥವಾ ಮಧ್ಯಸ್ಥಿಕೆಗೆ ಒಪ್ಪಿಸುವ ಅಧಿಕಾರ ಇದರಿಂದ ನ್ಯಾಯಾಲಯಗಳಿಗೆ ದೊರೆಯಿತು. ಈ ತಿದ್ದುಪಡಿಯನ್ನು ಪ್ರಶ್ನಿಸಿದವರು ತಮಿಳುನಾಡಿನ ಸೇಲಂ ವಕೀಲರ ಸಂಘದವರು. ಸುಪ್ರೀಂ ಕೋರ್ಟ್ 2002 ಮತ್ತು 2005ರಲ್ಲಿ ನೀಡಿದ ಎರಡು ತೀರ್ಪುಗಳಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿದು, ಅದನ್ನು ನಡೆಸುವ ನಿಯಮಗಳಿಗೂ ದಾರಿ ಮಾಡಿಕೊಟ್ಟಿತು. ಯಾವ ಬಗೆಯ ಕೇಸು ಯಾವ ಕ್ರಮಕ್ಕೆ ಹೊಂದುತ್ತದೆ ಎಂಬುದನ್ನು 2010ರ ಆಫ್ಕಾನ್ಸ್ ತೀರ್ಪು ಬಿಡಿಸಿ ಹೇಳಿತು. ವ್ಯಾಪಾರ ಮತ್ತು ಒಪ್ಪಂದದ ತಕರಾರುಗಳನ್ನು ಪಕ್ಷಗಾರರು ಒಪ್ಪದಿದ್ದರೂ ಮಧ್ಯಸ್ಥಿಕೆಗೆ ಕಳಿಸಬಹುದು, ಆದರೆ ಆರ್ಬಿಟ್ರೇಷನ್‌ಗೆ ಎಲ್ಲರ ಒಪ್ಪಿಗೆ ಬೇಕೇ ಬೇಕು.

ಮದ್ರಾಸ್ ಹೈಕೋರ್ಟ್ ಆವರಣದಲ್ಲಿ 2005ರ ಏಪ್ರಿಲ್ 9ರಂದು ತಮಿಳುನಾಡು ಮಧ್ಯಸ್ಥಿಕೆ ಮತ್ತು ಸಂಧಾನ ಕೇಂದ್ರ ಆರಂಭವಾಯಿತು. ಭಾರತದಲ್ಲಿ ನ್ಯಾಯಾಲಯಕ್ಕೆ ಹೊಂದಿಕೊಂಡು ಹುಟ್ಟಿದ ಮೊದಲ ಮಧ್ಯಸ್ಥಿಕೆ ಕೇಂದ್ರ ಇದೇ. ಇದನ್ನು ಕಟ್ಟುವಲ್ಲಿ ಹಿರಿಯ ವಕೀಲ ಶ್ರೀರಾಂ ಪಂಚು ಅವರ ಪಾತ್ರ ದೊಡ್ಡದು. ಬೆಂಗಳೂರು ಮಧ್ಯಸ್ಥಿಕಾ ಕೇಂದ್ರ ಶುರುವಾದದ್ದು 2007ರ ಜನವರಿಯಲ್ಲಿ. ಚೆನ್ನೈಯ ನಾನಿ ಪಾಲ್ಖಿವಾಲಾ ಆರ್ಬಿಟ್ರೇಷನ್ ಕೇಂದ್ರವೂ 2005ರದ್ದೇ.

ಕಾನೂನಿನ ಚೌಕಟ್ಟು

ಬೌದ್ಧಿಕ ಆಸ್ತಿಯ ಕಾಯಿದೆಗಳು ನ್ಯಾಯಾಲಯದ ಹೊರಗಿನ ಪರಿಹಾರದ ಬಗ್ಗೆ ಬಹುಪಾಲು ಮೌನವಾಗಿವೆ. ಪೇಟೆಂಟ್ ಕಾಯಿದೆಯ 103ನೇ ಸೆಕ್ಷನ್ ಒಂದು ಅಪವಾದ. ಸರ್ಕಾರ ಆವಿಷ್ಕಾರವೊಂದನ್ನು ಬಳಸಿಕೊಂಡ ಬಗ್ಗೆ ತಕರಾರು ಬಂದಾಗ ಹೈಕೋರ್ಟ್ ಅದನ್ನು ಆರ್ಬಿಟ್ರೇಟರಿಗೆ ಒಪ್ಪಿಸಬಹುದು ಎಂದು ಅದು ಹೇಳುತ್ತದೆ. ಉಳಿದಂತೆ ಆಧಾರವೆಲ್ಲ ಸಾಮಾನ್ಯ ಕಾನೂನುಗಳೇ: 1996ರ ಆರ್ಬಿಟ್ರೇಷನ್ ಮತ್ತು ಸಂಧಾನ ಕಾಯಿದೆ, 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ, 2023ರ ಮಧ್ಯಸ್ಥಿಕೆ ಕಾಯಿದೆ.

ಇವುಗಳಲ್ಲಿ ದಿನನಿತ್ಯದ ವಕೀಲಿಕೆಯನ್ನು ಹೆಚ್ಚು ಬದಲಿಸಿದ್ದು ವಾಣಿಜ್ಯ ನ್ಯಾಯಾಲಯಗಳ ಕಾಯಿದೆಗೆ 2018ರಲ್ಲಿ ಸೇರಿದ 12-ಎ ಸೆಕ್ಷನ್. ಅದೇ ತಿದ್ದುಪಡಿ ವಾಣಿಜ್ಯ ವಿವಾದದ ಕನಿಷ್ಠ ಮೌಲ್ಯವನ್ನು 1 ಕೋಟಿಯಿಂದ 3 ಲಕ್ಷ ರೂಪಾಯಿಗೆ ಇಳಿಸಿತು. ಬೌದ್ಧಿಕ ಆಸ್ತಿಯ ವಿವಾದಗಳು ಕಾಯಿದೆಯ ಪ್ರಕಾರ ವಾಣಿಜ್ಯ ವಿವಾದಗಳೇ. ತುರ್ತು ಮಧ್ಯಂತರ ಪರಿಹಾರ ಬೇಡದ ಯಾವ ವಾಣಿಜ್ಯ ದಾವೆಯನ್ನೂ ಮೊದಲು ಮಧ್ಯಸ್ಥಿಕೆಗೆ ಪ್ರಯತ್ನಿಸದೆ ದಾಖಲಿಸುವಂತಿಲ್ಲ ಎಂಬುದು 12-ಎ ಸಾರಾಂಶ.

ಕ್ರಮ ಹೀಗಿದೆ. ಫಿರ್ಯಾದಿ ಕಾನೂನು ಸೇವಾ ಪ್ರಾಧಿಕಾರಕ್ಕೆ 1,000 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಬೇಕು. ಪ್ರಾಧಿಕಾರ ಎದುರುಪಕ್ಷಕ್ಕೆ ನೋಟಿಸು ಕಳಿಸುತ್ತದೆ. ಎದುರುಪಕ್ಷ ಬಾರದಿದ್ದರೆ, ಬಂದು ನಿರಾಕರಿಸಿದರೆ, ‘ಮಧ್ಯಸ್ಥಿಕೆ ಆರಂಭವಾಗಲಿಲ್ಲ’ ಎಂಬ ವರದಿ ಸಿಗುತ್ತದೆ. ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಬಹುದು. ಬಂದು ಕೂತರೆ ಮೂರು ತಿಂಗಳ ಅವಧಿಯಿದೆ, ಇಬ್ಬರೂ ಒಪ್ಪಿದರೆ ಇನ್ನೆರಡು ತಿಂಗಳು. ಈ ಅವಧಿ ಕಾಲಮಿತಿಯ ಲೆಕ್ಕಕ್ಕೆ ಸೇರದು. ಮಧ್ಯಸ್ಥಗಾರರ ಶುಲ್ಕವನ್ನು ಇಬ್ಬರೂ ಸಮವಾಗಿ ಹಂಚಿಕೊಳ್ಳುತ್ತಾರೆ. ಸಹಿ ಬಿದ್ದ ಒಪ್ಪಂದಕ್ಕೆ ಆರ್ಬಿಟ್ರೇಷನ್ ಅವಾರ್ಡಿನ ಬೆಲೆಯಿದೆ.

ಇದು ಕಡ್ಡಾಯವೋ ಐಚ್ಛಿಕವೋ ಎಂಬ ಬಗ್ಗೆ ಹೈಕೋರ್ಟ್‌ಗಳು ಬೇರೆ ಬೇರೆ ನಿಲುವು ತಳೆದಿದ್ದವು. ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಆಗಸ್ಟ್ 17ರಂದು ಕಡ್ಡಾಯ ಎಂದು ಹೇಳಿ, ಆ ನಿಯಮವನ್ನು ಆಗಸ್ಟ್ 20ರಿಂದ ಅನ್ವಯಿಸಿತು. ಆದರೆ ಟ್ರೇಡ್‌ಮಾರ್ಕ್ ದಾವೆಗಳಲ್ಲಿ ಮೊದಲ ಬೇಡಿಕೆಯೇ ತಡೆಯಾಜ್ಞೆ. ತಡೆಯಾಜ್ಞೆಯ ಅರ್ಜಿಯೊಂದನ್ನು ಲಗತ್ತಿಸಿಬಿಟ್ಟರೆ ಮಧ್ಯಸ್ಥಿಕೆಯ ಮೆಟ್ಟಿಲು ತಪ್ಪುತ್ತದೆ ಎಂಬುದನ್ನು ವಕೀಲರು ಬೇಗ ಕಂಡುಕೊಂಡರು. 2023ರ ಅಕ್ಟೋಬರ್ 13ರ ಯಾಮಿನಿ ಮನೋಹರ್ ತೀರ್ಪು ಇದಕ್ಕೆ ಸ್ವಲ್ಪ ಕಡಿವಾಣ ಹಾಕಿತು: ತುರ್ತಿನ ಬೇಡಿಕೆ ನಿಜವೋ ನೆಪವೋ ಎಂಬುದನ್ನು ದಾವಾಪತ್ರ ಓದಿ ನ್ಯಾಯಾಲಯ ಪರಿಶೀಲಿಸಬಹುದು. ಅದೂ ಟ್ರೇಡ್‌ಮಾರ್ಕ್ ಕೇಸೇ. 2025ರ ಅಕ್ಟೋಬರ್‌ನಲ್ಲಿ ನೊವೆಂಕೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ದಿಕ್ಕಿಗೆ ವಾಲಿತು. ಹಕ್ಕಿನ ಉಲ್ಲಂಘನೆ ದಿನವೂ ಮುಂದುವರಿಯುತ್ತಿರುವಾಗ ತುರ್ತು ಅದರಲ್ಲೇ ಅಡಗಿದೆ, ಕೇಸು ಹಾಕಲು ತಡವಾಯಿತು ಎಂದ ಮಾತ್ರಕ್ಕೆ ಅದು ಇಲ್ಲವಾಗದು ಎಂದು ಅದು ಹೇಳಿತು. ಹೀಗಾಗಿ ನಕಲಿ ಮಾಲಿನ ಕೇಸುಗಳಿಗೆ 12-ಎ ಹೆಚ್ಚು ತಡೆಯಾಗುವುದಿಲ್ಲ. ರಾಯಧನ ಬಾಕಿ, ಲೈಸೆನ್ಸ್ ಶುಲ್ಕ, ಮುಗಿದುಹೋದ ಒಪ್ಪಂದದ ಲೆಕ್ಕಾಚಾರದಂಥ ದಾವೆಗಳಲ್ಲಿ ಅದರ ಪ್ರಭಾವ ನಿಚ್ಚಳವಾಗಿದೆ.

ಆರ್ಬಿಟ್ರೇಷನ್‌ಗೆ ಒಳಪಡುವ ಮತ್ತು ಒಳಪಡದ ವಿವಾದಗಳು

ಇಡೀ ವಿಷಯದ ತಿರುಳಿರುವುದು ಇಲ್ಲಿ. ಪೇಟೆಂಟ್ ಅಥವಾ ಟ್ರೇಡ್‌ಮಾರ್ಕ್ ಲೋಕಕ್ಕೆಲ್ಲ ಅನ್ವಯಿಸುವ ಹಕ್ಕು. ಒಬ್ಬನಿಗೆ ಅದು ಸಿಕ್ಕಿತೆಂದರೆ ಉಳಿದವರೆಲ್ಲರೂ ಅದರಿಂದ ದೂರವಿರಬೇಕು. ಇಬ್ಬರು ವ್ಯಕ್ತಿಗಳು ನೇಮಿಸಿಕೊಂಡ ಖಾಸಗಿ ಆರ್ಬಿಟ್ರೇಟರ್ ಲೋಕಕ್ಕೆಲ್ಲ ಅನ್ವಯಿಸುವ ಪ್ರಶ್ನೆಯನ್ನು ತೀರ್ಮಾನಿಸಬಹುದೇ? 2011ರ ಬೂಜ್ ಅಲೆನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಲೋಕಕ್ಕೆ ಅನ್ವಯಿಸುವ ಹಕ್ಕು ಮತ್ತು ವ್ಯಕ್ತಿಗಳ ನಡುವಿನ ಹಕ್ಕು ಎಂಬ ಭೇದವನ್ನು ಆಧಾರವಾಗಿಟ್ಟುಕೊಂಡಿತು. 2016ರಲ್ಲಿ ಅಯ್ಯಸಾಮಿ ತೀರ್ಪು ಬಂತು. ಅದು ತಿರುನೆಲ್ವೇಲಿಯ ಒಂದು ಕುಟುಂಬದ ಹೋಟೆಲ್ ಪಾಲುದಾರಿಕೆಯ ಜಗಳ, ಬೌದ್ಧಿಕ ಆಸ್ತಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೂ ಸಾಮಾನ್ಯವಾಗಿ ಆರ್ಬಿಟ್ರೇಷನ್‌ಗೆ ಒಳಪಡದವುಗಳ ಪಟ್ಟಿ ಕೊಡುವಾಗ ನ್ಯಾಯಾಲಯ ಪೇಟೆಂಟ್, ಟ್ರೇಡ್‌ಮಾರ್ಕ್, ಕೃತಿಸ್ವಾಮ್ಯಗಳನ್ನೂ ಸೇರಿಸಿತು. ಪ್ರಾಸಂಗಿಕವಾಗಿ ಬಂದ ಈ ಸಾಲನ್ನು ಮುಂದೆ ಎದುರುಪಕ್ಷದ ವಕೀಲರು ಎಷ್ಟೋ ಕೇಸುಗಳಲ್ಲಿ ಮುಂದೊಡ್ಡಿದರು.

ಅದೇ ವರ್ಷ ಬಾಂಬೆ ಹೈಕೋರ್ಟ್ ಈರೋಸ್ ಪ್ರಕರಣದಲ್ಲಿ ಬೇರೆ ದಾರಿ ಹಿಡಿದಿತ್ತು. ಒಪ್ಪಂದದಿಂದ ಹುಟ್ಟಿದ ಕೃತಿಸ್ವಾಮ್ಯದ ಬೇಡಿಕೆಯನ್ನು ಆರ್ಬಿಟ್ರೇಟರ್ ಕೇಳಬಹುದು ಎಂದು ಅದು ಹೇಳಿತ್ತು. ಮದ್ರಾಸ್ ಹೈಕೋರ್ಟ್ 2017ರಲ್ಲಿ ಲೈಫ್‌ಸ್ಟೈಲ್ ಇಕ್ವಿಟೀಸ್ ಮತ್ತು ಕ್ಯೂ.ಡಿ. ಸೀಟೋಮನ್ ಡಿಸೈನ್ಸ್ ನಡುವಿನ ಕೇಸಿನಲ್ಲಿ ಈ ನಿಲುವನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಪೇಟೆಂಟ್ ಊರ್ಜಿತವೇ ಎಂಬುದು ಲೋಕಕ್ಕೆ ಸೇರಿದ ಪ್ರಶ್ನೆ. ಅದರ ಲೈಸೆನ್ಸಿನ ಷರತ್ತು ಮುರಿಯಿತೇ ಎಂಬುದು ಇಬ್ಬರ ನಡುವಿನ ಪ್ರಶ್ನೆ. ಒಂದು ಮುದ್ರೆಯನ್ನು ಬಳಸುವಲ್ಲಿ ಇಬ್ಬರಲ್ಲಿ ಯಾರ ಹಕ್ಕು ಮೇಲು ಎಂಬುದೂ ಎರಡನೆಯ ಬಗೆಯದೇ, ಆದ್ದರಿಂದ ಆರ್ಬಿಟ್ರೇಷನ್‌ಗೆ ಹೋಗಬಹುದು. 2020ರ ಡಿಸೆಂಬರ್ 14ರ ವಿದ್ಯಾ ದ್ರೋಲಿಯಾ ತೀರ್ಪು ದೇಶಕ್ಕೆಲ್ಲ ಅನ್ವಯಿಸುವ ನಾಲ್ಕು ಮಾನದಂಡಗಳನ್ನು ಕೊಟ್ಟಿತು. ಪೇಟೆಂಟ್ ನೀಡುವುದು, ಟ್ರೇಡ್‌ಮಾರ್ಕ್ ನೋಂದಾಯಿಸುವುದು ಪ್ರಭುತ್ವದ ಕೆಲಸ, ಅವು ಆರ್ಬಿಟ್ರೇಷನ್‌ಗೆ ಒಳಪಡವು ಎಂಬುದನ್ನು ಅದು ಖಚಿತಪಡಿಸಿತು.

ಈ ಗೆರೆ ಪ್ರಾಯೋಗಿಕವಾಗಿ ಎಲ್ಲಿ ಬೀಳುತ್ತದೆ ಎಂಬುದಕ್ಕೆ ಕೊಯಮತ್ತೂರಿನ ‘ಶ್ರೀ ಅಂಗಣ್ಣನ್ ಬಿರಿಯಾನಿ ಹೋಟೆಲ್’ ಪ್ರಕರಣ ಒಳ್ಳೆಯ ನಿದರ್ಶನ. ಹೋಟೆಲಿನ ಹೆಸರಿನ ಟ್ರೇಡ್‌ಮಾರ್ಕ್ ಹಕ್ಕು ವರ್ಗಾವಣೆ ಪತ್ರಗಳ ಮೂಲಕ ಕೈ ಬದಲಾಗಿತ್ತು. ಪತ್ರದಲ್ಲಿ ಆರ್ಬಿಟ್ರೇಷನ್ ಷರತ್ತಿತ್ತು. ಒಂದು ಕಡೆಯವರು ಉಲ್ಲಂಘನೆಯ ದಾವೆ ಹೂಡಿ ತಡೆಯಾಜ್ಞೆ ಮತ್ತು ನಷ್ಟ ಪರಿಹಾರ ಕೇಳಿದರು. ಎದುರುಪಕ್ಷದವರು ಷರತ್ತನ್ನು ತೋರಿಸಿ, ಕೇಸು ಆರ್ಬಿಟ್ರೇಟರ ಬಳಿ ಹೋಗಬೇಕೆಂದರು. ಟ್ರೇಡ್‌ಮಾರ್ಕ್ ವಿವಾದ ಆರ್ಬಿಟ್ರೇಷನ್‌ಗೆ ಒಳಪಡದು, ಮೇಲಾಗಿ ಪತ್ರದಲ್ಲಿ ವಂಚನೆಯಾಗಿದೆ ಎಂಬುದು ದಾವೆ ಹೂಡಿದವರ ವಾದ. ಕೊಯಮತ್ತೂರಿನ ವಾಣಿಜ್ಯ ನ್ಯಾಯಾಲಯ ಅದನ್ನು ಒಪ್ಪಲಿಲ್ಲ, ಮದ್ರಾಸ್ ಹೈಕೋರ್ಟೂ ಒಪ್ಪಲಿಲ್ಲ. 2025ರ ಮೇ 9ರಂದು ಸುಪ್ರೀಂ ಕೋರ್ಟ್ ಮೇಲ್ಮನವಿಯ ಅರ್ಜಿಯನ್ನು ವಜಾ ಮಾಡಿತು. ಇಲ್ಲಿನ ಜಗಳ ಒಂದು ಪತ್ರದಿಂದ ಯಾರಿಗೆ ಏನು ದಕ್ಕಿತು ಎಂಬುದರ ಬಗ್ಗೆ. ಟ್ರೇಡ್‌ಮಾರ್ಕ್ ಎಂಬ ಪದ ಕಂಡಾಕ್ಷಣ ಆರ್ಬಿಟ್ರೇಷನ್ ಬಾಗಿಲು ಮುಚ್ಚದು. ವಂಚನೆಯ ಬರೀ ಆರೋಪವೂ ಅದನ್ನು ಮುಚ್ಚದು. ವಂಚನೆಯ ಆರೋಪದ ಬಗ್ಗೆ ನ್ಯಾಯಾಲಯ ಆಧರಿಸಿದ ತೀರ್ಪುಗಳಲ್ಲಿ ಅಯ್ಯಸಾಮಿಯೂ ಒಂದು ಎಂಬುದು ಗಮನಿಸಬೇಕಾದದ್ದು.

ಆರ್ಬಿಟ್ರೇಷನ್ ಬೇಕೆನ್ನುವವರು ಅದನ್ನು ಮೊದಲೇ ಬರವಣಿಗೆಯಲ್ಲಿ ಇಟ್ಟಿರಬೇಕು. ಲೈಸೆನ್ಸ್, ಫ್ರಾಂಚೈಸಿ, ಸಾಫ್ಟ್‌ವೇರ್ ಅಭಿವೃದ್ಧಿ, ಚಲನಚಿತ್ರ ಹಕ್ಕುಗಳ ಮಾರಾಟ ಇಂಥ ಒಪ್ಪಂದಗಳಲ್ಲಿ ಇದು ಸುಲಭ. ಪರಿಚಯವೇ ಇಲ್ಲದ ನಕಲುಗಾರನ ಜೊತೆ ಒಪ್ಪಂದವೆಲ್ಲಿಂದ ಬರಬೇಕು? ಅಂಥ ಕೇಸುಗಳು ನ್ಯಾಯಾಲಯಕ್ಕೇ ಹೋಗುತ್ತವೆ. ಷರತ್ತು ಇದ್ದಲ್ಲಿ ದೇಶೀಯ ಆರ್ಬಿಟ್ರೇಷನ್ ವಾದಪತ್ರಗಳು ಮುಗಿದ ಮೇಲೆ 12 ತಿಂಗಳಲ್ಲಿ ಮುಗಿಯಬೇಕು. ಇಬ್ಬರೂ ಒಪ್ಪಿದರೆ ಆರು ತಿಂಗಳು ಹೆಚ್ಚು. 2019ರ ತಿದ್ದುಪಡಿ ಗೋಪ್ಯತೆಯನ್ನೂ ಕಾನೂನಿನ ಕಟ್ಟಳೆಯಾಗಿಸಿತು. ವ್ಯಾಪಾರ ರಹಸ್ಯದ ತಕರಾರುಗಳಲ್ಲಿ ಕಂಪನಿಗಳು ಆರ್ಬಿಟ್ರೇಷನ್ ಕಡೆ ಒಲಿಯಲು ಇದೊಂದು ದೊಡ್ಡ ಕಾರಣ, ಏಕೆಂದರೆ ತೆರೆದ ನ್ಯಾಯಾಲಯದಲ್ಲಿ ರಹಸ್ಯವನ್ನು ರುಜುವಾತು ಮಾಡಹೊರಟರೆ ರಹಸ್ಯವೇ ಉಳಿಯದು.

ಡೊಮೇನ್ ಹೆಸರಿನ ವಿವಾದಗಳು

ಚೆನ್ನೈಯ ಸತ್ಯಂ ಇನ್ಫೋವೇ ಸಂಸ್ಥೆ ‘ಸಿಫಿ’ ಎಂಬ ಹೆಸರನ್ನು ತನ್ನ ಹೆಸರಿನ ಅಕ್ಷರಗಳಿಂದ ಕಟ್ಟಿ 1999ರಲ್ಲಿ ಹಲವು ಡೊಮೇನ್‌ಗಳನ್ನು ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಸಂಸ್ಥೆ ಒಂದೇ ಅಕ್ಷರದ ವ್ಯತ್ಯಾಸದಲ್ಲಿ ‘ಸಿಫ್ಫಿನೆಟ್’ ಎಂದು ನೋಂದಾಯಿಸಿಕೊಂಡಿತು. ಅದು ತಮ್ಮ ಐವರು ಸ್ಥಾಪಕರ ಹೆಸರಿನ ಮೊದಲಕ್ಷರ ಎಂಬುದು ಅವರ ಸಮರ್ಥನೆ. ದಾವೆ ನಡೆದದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ. ಅಲ್ಲಿ ತಡೆಯಾಜ್ಞೆ ಸಿಕ್ಕಿತು, ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು, 2004ರ ಮೇ 6ರಂದು ಸುಪ್ರೀಂ ಕೋರ್ಟ್ ಮತ್ತೆ ಸತ್ಯಂ ಇನ್ಫೋವೇ ಪರ ತೀರ್ಪು ನೀಡಿತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನ ಲಕ್ಷಣಗಳಿವೆ, ಆದರೆ ಇಂಥ ವಿವಾದಕ್ಕೆಂದೇ ಭಾರತದಲ್ಲಿ ಕಾನೂನಿಲ್ಲ ಎಂದು ನ್ಯಾಯಾಲಯ ಗುರುತಿಸಿತು. ಅಂತರರಾಷ್ಟ್ರೀಯ ಏಕರೂಪ ನೀತಿಯನ್ನೂ ಅದು ಪರಿಶೀಲಿಸಿತು.

ಆ ಏಕರೂಪ ಡೊಮೇನ್ ವಿವಾದ ನೀತಿಯನ್ನು ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಅಂಗೀಕರಿಸಿದ್ದು 1999ರಲ್ಲಿ. ಡೊಮೇನ್ ನೋಂದಾಯಿಸುವ ಪ್ರತಿಯೊಬ್ಬರೂ ಈ ನೀತಿಗೆ ಒಪ್ಪಿಯೇ ನೋಂದಾಯಿಸಿರುತ್ತಾರೆ, ಹಾಗಾಗಿ ಪರಿಚಯವಿಲ್ಲದವರ ನಡುವೆಯೂ ಇದು ನಡೆಯುತ್ತದೆ. ದೂರುಗಳನ್ನು ಸ್ವೀಕರಿಸುವ ಸಂಸ್ಥೆಗಳಲ್ಲಿ ಮುಖ್ಯವಾದದ್ದು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಆರ್ಬಿಟ್ರೇಷನ್ ಮತ್ತು ಮಧ್ಯಸ್ಥಿಕೆ ಕೇಂದ್ರ. ಅದು 1994ರಲ್ಲಿ ಜಿನೀವಾದಲ್ಲಿ ಸ್ಥಾಪನೆಯಾಯಿತು. ಐದರವರೆಗಿನ ಡೊಮೇನ್‌ಗಳಿಗೆ ಒಬ್ಬ ತಜ್ಞರ ಪೀಠವಾದರೆ 1,500 ಡಾಲರ್ ಶುಲ್ಕ. ಎಲ್ಲವೂ ಕಾಗದಪತ್ರದಲ್ಲೇ ನಡೆದು ಸುಮಾರು ಎರಡು ತಿಂಗಳಲ್ಲಿ ಮುಗಿಯುತ್ತದೆ. ಹೆಸರನ್ನು ರದ್ದುಪಡಿಸಬಹುದು ಅಥವಾ ದೂರುದಾರರಿಗೆ ವರ್ಗಾಯಿಸಬಹುದು. ನಷ್ಟ ಪರಿಹಾರ ಸಿಗದು.

ಕೊನೆಯಲ್ಲಿ ‘ಡಾಟ್ ಇನ್’ ಇರುವ ಹೆಸರುಗಳಿಗೆ ಭಾರತದ್ದೇ ನೀತಿ 2005ರಲ್ಲಿ ಬಂತು. ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಇದನ್ನು ನಡೆಸುತ್ತದೆ. ಇಲ್ಲಿ ನಡೆಯುವುದು ಭಾರತೀಯ ಕಾಯಿದೆಯ ಪ್ರಕಾರದ ಆರ್ಬಿಟ್ರೇಷನ್. ಅಂತರರಾಷ್ಟ್ರೀಯ ನೀತಿಯಲ್ಲಿ ಹೆಸರಿನ ನೋಂದಣಿ, ಬಳಕೆ ಎರಡರಲ್ಲೂ ದುರುದ್ದೇಶ ತೋರಿಸಬೇಕು. ಭಾರತದ ನೀತಿಯಲ್ಲಿ ಯಾವುದಾದರೂ ಒಂದರಲ್ಲಿ ತೋರಿಸಿದರೂ ಸಾಕು.

ರಾಜಿಯ ಒಂದು ಪ್ರಕರಣ: ಬಜಾಜ್ ಮತ್ತು ಟಿವಿಎಸ್

ಭಾರತದ ಪೇಟೆಂಟ್ ಚರಿತ್ರೆಯಲ್ಲಿ ಹೆಚ್ಚು ಚರ್ಚೆಗೊಳಗಾದ ಕೇಸುಗಳಲ್ಲೊಂದು ಚೆನ್ನೈಯಲ್ಲಿ ನಡೆದು, ಕೊನೆಗೆ ನ್ಯಾಯಾಲಯದ ಹೊರಗೆ ಮುಗಿಯಿತು. ಸಣ್ಣ ಎಂಜಿನ್ನಿನಲ್ಲಿ ಎರಡು ಸ್ಪಾರ್ಕ್ ಪ್ಲಗ್ ಅಳವಡಿಸುವ ತಂತ್ರಕ್ಕೆ ಬಜಾಜ್ ಆಟೊ 2002ರಲ್ಲಿ ಅರ್ಜಿ ಹಾಕಿ 2005ರಲ್ಲಿ ಪೇಟೆಂಟ್ ಪಡೆದಿತ್ತು. ಅದರ ಸಂಖ್ಯೆ 195904. ಸಿಲಿಂಡರಿನ ಒಳವ್ಯಾಸ 45ರಿಂದ 70 ಮಿಲಿಮೀಟರ್ ಇರುವ ಎಂಜಿನ್ನುಗಳಿಗೆ ಅದು ಸೀಮಿತ. 2007ರಲ್ಲಿ ಟಿವಿಎಸ್ ಮೋಟಾರ್ 125 ಸಿಸಿಯ ‘ಫ್ಲೇಮ್’ ಬೈಕನ್ನು ಅನಾವರಣ ಮಾಡಿತು. ಹೊಸೂರಿನಲ್ಲಿ ದೊಡ್ಡ ಕಾರ್ಖಾನೆಯಿರುವ, ಗಡಿಭಾಗದ ಕನ್ನಡಿಗರಿಗೆ ತೀರಾ ಪರಿಚಿತವಾದ ಸಂಸ್ಥೆಯದು. ಆ ಎಂಜಿನ್ನಿನಲ್ಲೂ ಎರಡು ಪ್ಲಗ್‌ಗಳಿದ್ದವು, ಜೊತೆಗೆ ಮೂರು ವಾಲ್ವ್‌ಗಳು. ಬಜಾಜ್ ಪತ್ರಿಕಾ ಹೇಳಿಕೆ ನೀಡಿ ಆಕ್ಷೇಪಿಸಿತು. ಆಧಾರವಿಲ್ಲದ ಬೆದರಿಕೆ ಎಂದು ಪೇಟೆಂಟ್ ಕಾಯಿದೆಯ 106ನೇ ಸೆಕ್ಷನ್ ಅಡಿ ಟಿವಿಎಸ್ ಮದ್ರಾಸ್ ಹೈಕೋರ್ಟಿಗೆ ಹೋಯಿತು. ಬಜಾಜ್ ಉಲ್ಲಂಘನೆಯ ದಾವೆ ಹೂಡಿತು. ಪೇಟೆಂಟನ್ನೇ ರದ್ದುಪಡಿಸಲು ಟಿವಿಎಸ್ ಆಗ ಚೆನ್ನೈಯಲ್ಲಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯ ಮೊರೆ ಹೊಕ್ಕಿತು.

2008ರ ಫೆಬ್ರವರಿಯಲ್ಲಿ ಏಕಸದಸ್ಯ ಪೀಠ ತಡೆಯಾಜ್ಞೆ ಕೊಟ್ಟಿತು. ಟಿವಿಎಸ್ ಒಂದೇ ಪ್ಲಗ್‌ನ ಎಂಜಿನ್ ಹಾಕಿ ಬೈಕನ್ನು ಮಾರುಕಟ್ಟೆಗೆ ಬಿಟ್ಟಿತು. 2009ರ ಮೇ 18ರಂದು ವಿಭಾಗೀಯ ಪೀಠ ತಡೆಯಾಜ್ಞೆ ತೆಗೆಯಿತು. ಸೆಪ್ಟೆಂಬರ್ 16ರಂದು ಸುಪ್ರೀಂ ಕೋರ್ಟ್, ಟಿವಿಎಸ್ ಬೈಕ್ ಮಾರಬಹುದು, ಆದರೆ ನೇಮಿಸಲಾಗುವ ರಿಸೀವರರ ಮೇಲ್ವಿಚಾರಣೆಯಲ್ಲಿ ಮಾರಾಟದ ಲೆಕ್ಕ ಇಡಬೇಕು ಎಂದಿತು. ಮೂಲ ದಾವೆಯನ್ನು ನವೆಂಬರ್ 30ರೊಳಗೆ ಮುಗಿಸಲು ಸೂಚಿಸಿತು. ಟ್ರೇಡ್‌ಮಾರ್ಕ್, ಕೃತಿಸ್ವಾಮ್ಯ, ಪೇಟೆಂಟ್ ದಾವೆಗಳಲ್ಲಿ ದಿನಂಪ್ರತಿ ವಿಚಾರಣೆ ನಡೆಸಿ ನಾಲ್ಕು ತಿಂಗಳಲ್ಲಿ ತೀರ್ಪು ಕೊಡಬೇಕೆಂಬ ನಿರ್ದೇಶನವೂ ಆ ಆದೇಶದಲ್ಲಿತ್ತು. ನವೆಂಬರ್ ಕಳೆಯಿತು, ವರ್ಷಗಳೂ ಕಳೆದವು. 2019ರಲ್ಲಿ ಎರಡೂ ಕಂಪನಿಗಳು ಎಲ್ಲ ವಿವಾದಗಳನ್ನು ಸೌಹಾರ್ದವಾಗಿ ಮುಗಿಸಿಕೊಂಡು ಕೇಸುಗಳನ್ನು ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿದವು. ಪೇಟೆಂಟಿನ 20 ವರ್ಷದ ಅವಧಿಯಲ್ಲಿ ಆಗ ಉಳಿದಿದ್ದುದು ಮೂರು ವರ್ಷಕ್ಕಿಂತ ಕಡಿಮೆ. 2007ರಲ್ಲೇ ಮಾಡಿಕೊಳ್ಳಬಹುದಾಗಿದ್ದ ಲೈಸೆನ್ಸ್ ಒಪ್ಪಂದಕ್ಕೆ ಇದ್ದ ಬೆಲೆ 2019ರ ರಾಜಿಗೆ ಇರುವುದು ಸಾಧ್ಯವಿರಲಿಲ್ಲ.

ರಾಜಿ ಒಪ್ಪಂದದ ರಚನೆ

ಟ್ರೇಡ್‌ಮಾರ್ಕ್ ರಾಜಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸಹಬಾಳ್ವೆಯ ಒಪ್ಪಂದ. ಯಾರು ಯಾವ ಸರಕಿಗೆ, ಯಾವ ಊರುಗಳಲ್ಲಿ, ಯಾವ ಅಕ್ಷರ ವಿನ್ಯಾಸ ಮತ್ತು ಬಣ್ಣದಲ್ಲಿ ಹೆಸರನ್ನು ಬಳಸಬೇಕು, ಹಳೆಯ ಡಬ್ಬಿ ಮತ್ತು ಲೇಬಲ್ ದಾಸ್ತಾನು ಮುಗಿಸಲು ಎಷ್ಟು ಕಾಲ ಎಂಬಿಷ್ಟನ್ನು ಅದರಲ್ಲಿ ಬರೆದುಕೊಳ್ಳುತ್ತಾರೆ. ಮೊದಲ ನೋಂದಣಿದಾರ ಸಮ್ಮತಿ ಕೊಟ್ಟರೆ ಹೋಲುವ ಮುದ್ರೆಯನ್ನೂ ನೋಂದಾಯಿಸಲು ಟ್ರೇಡ್‌ಮಾರ್ಕ್ ಕಾಯಿದೆಯ 11ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಅಣ್ಣತಮ್ಮಂದಿರು ಪಾಲಾದಾಗ ಅಪ್ಪನ ಹೋಟೆಲಿನ ಹೆಸರು ಯಾರಿಗೆ ಎಂಬ ಜಗಳಗಳಿಗೆ ಇದು ಹೇಳಿಮಾಡಿಸಿದ ದಾರಿ.

ಕೃತಿಸ್ವಾಮ್ಯದಲ್ಲಿ ಎಚ್ಚರ ಬೇಕು. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿದ್ದು ಸಹಿಯಾಗಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದೂ ಕಾಯಿದೆಯ 19ನೇ ಸೆಕ್ಷನ್ ತಾನೇ ತುಂಬಿಕೊಳ್ಳುತ್ತದೆ. ಚಿತ್ರಸಂಗೀತದ ರಾಜಿಪತ್ರ ಬರೆಯುವಾಗ ಈ ಎರಡು ಖಾಲಿ ಜಾಗಗಳು ಮುಂದಿನ ಕೇಸಿಗೆ ಬೀಜವಾಗಬಲ್ಲವು.

ದಾವೆ ಈಗಾಗಲೇ ನಡೆಯುತ್ತಿದ್ದರೆ ರಾಜಿಯನ್ನು ನ್ಯಾಯಾಲಯದ ಮುಂದಿಟ್ಟು ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 3ನೇ ನಿಯಮದಂತೆ ರಾಜಿ ಡಿಕ್ರಿ ಪಡೆಯುವುದು ಕ್ಷೇಮ. ಮುಂದೆ ಷರತ್ತು ಮುರಿದರೆ ಹೊಸ ದಾವೆ ಹೂಡಬೇಕಿಲ್ಲ, ನೇರ ಅಮಲ್ಜಾರಿಗೆ ಹೋಗಬಹುದು. ವರ್ಗಾವಣೆ ಒಳಗೊಂಡ ರಾಜಿಯನ್ನು ಸಂಬಂಧಪಟ್ಟ ರಿಜಿಸ್ಟರಿನಲ್ಲೂ ನಮೂದಿಸಬೇಕು.

ನ್ಯಾಯಾಲಯ ಶುಲ್ಕದ ವಾಪಸಿ

ರಾಜಿಯಾದವರಿಗೆ ಶುಲ್ಕ ಮರಳುತ್ತದೆಯೇ ಎಂಬ ಪ್ರಶ್ನೆ ತೀರ್ಮಾನವಾದದ್ದೂ ಮದ್ರಾಸ್ ಹೈಕೋರ್ಟಿನಿಂದ ಹೋದ ಕೇಸಿನಲ್ಲೇ. ತಮಿಳುನಾಡು ನ್ಯಾಯಾಲಯ ಶುಲ್ಕ ಕಾಯಿದೆಯ 69-ಎ ಸೆಕ್ಷನ್ ಪ್ರಕಾರ, ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಸೆಕ್ಷನ್ ಅಡಿ ಮಧ್ಯಸ್ಥಿಕೆ ಮುಂತಾದವುಗಳಿಗೆ ಒಪ್ಪಿಸಿದ ಕೇಸುಗಳಿಗೆ ಪೂರ್ತಿ ಶುಲ್ಕ ವಾಪಸು. ನ್ಯಾಯಾಲಯ ಒಪ್ಪಿಸದೆ ಪಕ್ಷಗಾರರು ತಾವೇ ಕೂತು ರಾಜಿ ಮಾಡಿಕೊಂಡರೆ? ಅವರಿಗೂ ಕೊಡಬೇಕೆಂದು ಮದ್ರಾಸ್ ಹೈಕೋರ್ಟ್ ಹೇಳಿತು. ಅದರ ವಿರುದ್ಧ ಅದೇ ಹೈಕೋರ್ಟಿನ ಆಡಳಿತ ವಿಭಾಗ ಸುಪ್ರೀಂ ಕೋರ್ಟಿಗೆ ಹೋಯಿತು. ಹಾವೇರಿ ಜಿಲ್ಲೆಯವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಅವರು ಬರೆದ 2021ರ ಫೆಬ್ರವರಿ 17ರ ತೀರ್ಪು ಆ ಅರ್ಜಿಯನ್ನು ತಳ್ಳಿಹಾಕಿತು. ನ್ಯಾಯಾಲಯದ ನೆರವಿಲ್ಲದೆ ತಾವಾಗಿ ರಾಜಿಯಾದವರು ನ್ಯಾಯಾಲಯದ ಹೊರೆಯನ್ನು ಇನ್ನೂ ಹೆಚ್ಚು ಇಳಿಸಿದ್ದಾರೆ, ಅವರಿಗೆ ಶುಲ್ಕ ನಿರಾಕರಿಸುವುದು ಸರಿಯಲ್ಲ ಎಂಬುದು ಅದರ ತರ್ಕ. ಲಕ್ಷಾಂತರ ರೂಪಾಯಿ ಮೌಲ್ಯ ತೋರಿಸಿ ಹೂಡುವ ಬೌದ್ಧಿಕ ಆಸ್ತಿ ದಾವೆಗಳಲ್ಲಿ ಈ ಹಣ ಸಣ್ಣದಲ್ಲ.

ನೋಂದಣಿ ಕಚೇರಿಯ ಹಂತ

ಟ್ರೇಡ್‌ಮಾರ್ಕ್ ಅರ್ಜಿ ಜರ್ನಲ್‌ನಲ್ಲಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಯಾರಾದರೂ ಆಕ್ಷೇಪಿಸಬಹುದು. ಪ್ರತಿಹೇಳಿಕೆಗೆ ಎರಡು ತಿಂಗಳು. ಆಕ್ಷೇಪಣೆ ಎದುರಾದಾಗ ಸರಕಿನ ಪಟ್ಟಿಯನ್ನು ಕಿರಿದುಗೊಳಿಸಿ ಅಥವಾ ಮುದ್ರೆಯ ಬಳಕೆಗೆ ಗಡಿ ಹಾಕಿಕೊಂಡು ರಾಜಿಯಾಗುವುದು ಸಾಮಾನ್ಯ. 2016ರಲ್ಲಿ ದೆಹಲಿಯ ಕಚೇರಿ ಬಾಕಿಯಿದ್ದ ಆಕ್ಷೇಪಣೆಗಳನ್ನು ಅಲ್ಲಿನ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಕಳಿಸುವ ಪ್ರಯೋಗ ಮಾಡಿತ್ತು.

ಗಿಂಡಿಯ ಭೌಗೋಳಿಕ ಸೂಚಿ ಕಚೇರಿ 1999ರ ಕಾಯಿದೆ ಜಾರಿಗೆ ಬಂದ 2003ರ ಸೆಪ್ಟೆಂಬರ್ 15ರಿಂದ ಕೆಲಸ ಮಾಡುತ್ತಿದೆ. ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆ, ಧಾರವಾಡ ಪೇಡೆ, ಬ್ಯಾಡಗಿ ಮೆಣಸಿನಕಾಯಿ, ನಂಜನಗೂಡು ರಸಬಾಳೆ ಎಲ್ಲವೂ ಅಲ್ಲಿಯೇ ನೋಂದಣಿಯಾದವು. ಅರ್ಜಿಯನ್ನು ಪರಿಶೀಲಿಸಲು ಏಳರವರೆಗಿನ ತಜ್ಞರ ಸಮಾಲೋಚನಾ ಗುಂಪನ್ನು ರಚಿಸುವ ನಿಯಮವಿದೆ. ರಸಗುಲ್ಲಾ ಯಾರದು ಎಂದು ಬಂಗಾಳ ಮತ್ತು ಒಡಿಶಾ ವರ್ಷಗಟ್ಟಲೆ ಕಿತ್ತಾಡಿದವು. ಕಚೇರಿ 2017ರಲ್ಲಿ ‘ಬಾಂಗ್ಲಾರ್ ರಸಗುಲ್ಲಾ’ವನ್ನೂ, 2019ರಲ್ಲಿ ‘ಒಡಿಶಾ ರಸಗುಲ್ಲಾ’ವನ್ನೂ ಬೇರೆ ಬೇರೆಯಾಗಿ ನೋಂದಾಯಿಸಿತು. ಮೂಲ ಯಾರದೆಂಬ ಪ್ರಶ್ನೆಯನ್ನು ಬದಿಗಿಟ್ಟು, ಎರಡೂ ಕಡೆಯ ತಿನಿಸನ್ನು ಅದರದರ ಲಕ್ಷಣದಿಂದ ಗುರುತಿಸಿದ್ದರಿಂದ ಜಗಳಕ್ಕೆ ಆಧಾರವೇ ಕುಸಿಯಿತು.

ಮಿತಿಗಳು

ರಿಜಿಸ್ಟರಿನಲ್ಲಿರುವ ಹಕ್ಕನ್ನು ರದ್ದುಪಡಿಸುವುದು, ಪೇಟೆಂಟಿನ ಊರ್ಜಿತತ್ವ, ನಕಲಿ ಮಾಲಿನ ಕ್ರಿಮಿನಲ್ ಹೊಣೆ ಇವು ಖಾಸಗಿ ಪರಿಹಾರಕ್ಕೆ ಸಿಗುವುದಿಲ್ಲ. ಅಜ್ಞಾತ ನಕಲುಗಾರರ ವಿರುದ್ಧ ನ್ಯಾಯಾಲಯದ ತಡೆಯಾಜ್ಞೆಯಷ್ಟು ಹರಿತವಾದ ಅಸ್ತ್ರ ಇನ್ನೊಂದಿಲ್ಲ. ರಾಜಿಗೆ ಪೂರ್ವನಿದರ್ಶನದ ಬೆಲೆಯೂ ಇಲ್ಲ. ಬಜಾಜ್ ಪೇಟೆಂಟ್ ಊರ್ಜಿತವಾಗಿತ್ತೇ ಎಂಬ ಪ್ರಶ್ನೆಗೆ ಅಂತಿಮ ಉತ್ತರ ಸಿಗದೇ ಹೋದದ್ದು ಇದರಿಂದಲೇ.

ಸರ್ಕಾರಿ ಸಂಸ್ಥೆಗಳ ನಡುವೆಯೂ ರಾಜಿ ಸುಲಭವಲ್ಲ. ‘ಕೆಎಸ್‌ಆರ್‌ಟಿಸಿ’ ಎಂಬ ಹ್ರಸ್ವನಾಮವನ್ನು ಕರ್ನಾಟಕ, ಕೇರಳ ಎರಡರ ಸಾರಿಗೆ ನಿಗಮಗಳೂ ಬಳಸುತ್ತಿದ್ದವು. ಕರ್ನಾಟಕ ನಿಗಮ 2013ರಲ್ಲಿ ನೋಂದಣಿ ಪಡೆದ ಮೇಲೆ ತಕರಾರೆದ್ದಿತು. ಚೆನ್ನೈಯ ಮೇಲ್ಮನವಿ ಮಂಡಳಿಯಲ್ಲಿ ಕೇಸಿದ್ದಾಗಲೇ ಮಂಡಳಿ ರದ್ದಾಯಿತು. 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳ ನಿಗಮದ ಅರ್ಜಿಯನ್ನು ವಜಾ ಮಾಡಿತು. ಎರಡೂ ನಿಗಮಗಳ ಬಸ್ಸುಗಳು ಮೊದಲಿನಂತೆಯೇ ಒಂದೇ ಹ್ರಸ್ವನಾಮದಲ್ಲಿ ಓಡುತ್ತಿವೆ. ಕೂತು ಮಾತಾಡಿದ್ದರೂ ಇದೇ ಫಲ ಸಿಗುತ್ತಿತ್ತು.

ಇಂದಿನ ಸ್ಥಿತಿ

2003ರಲ್ಲಿ ಚೆನ್ನೈಯನ್ನು ಕೇಂದ್ರವಾಗಿಟ್ಟುಕೊಂಡು ಸ್ಥಾಪಿಸಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯನ್ನು 2021ರ ಏಪ್ರಿಲ್ 4ರ ಸುಗ್ರೀವಾಜ್ಞೆ ರದ್ದುಪಡಿಸಿತು. ಅದರ ಕೇಸುಗಳು ಹೈಕೋರ್ಟ್‌ಗಳಿಗೆ ಹೋದವು. ದೆಹಲಿಯ ನಂತರ ಮದ್ರಾಸ್ ಹೈಕೋರ್ಟ್ ತನ್ನದೇ ಬೌದ್ಧಿಕ ಆಸ್ತಿ ವಿಭಾಗವನ್ನು ರಚಿಸಿತು. ಅದರ ನಿಯಮಗಳು ಅಧಿಸೂಚಿತವಾದದ್ದು 2023ರ ಏಪ್ರಿಲ್ 5ರಂದು. ವಿಶೇಷ ಪೀಠಗಳು ಬಂದದ್ದರಿಂದ ಮಧ್ಯಂತರ ಆದೇಶಗಳು ಬೇಗ ಸಿಗುವ ಅನುಕೂಲವಾಗಿದೆ, ರಾಜಿಗೆ ಒತ್ತಡ ಹುಟ್ಟುವುದೂ ಆ ಆದೇಶಗಳ ನಂತರವೇ.

ಮಧ್ಯಸ್ಥಿಕೆ ಕಾಯಿದೆಗೆ 2023ರ ಸೆಪ್ಟೆಂಬರ್ 14ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ಮಧ್ಯಸ್ಥಿಕೆಗೆ 120 ದಿನ, ಒಪ್ಪಿದರೆ ಇನ್ನು 60 ದಿನ ಎಂಬ ಗಡುವು, ಒಪ್ಪಂದಕ್ಕೆ ಡಿಕ್ರಿಯ ಬಲ, ಭಾರತೀಯ ಮಧ್ಯಸ್ಥಿಕೆ ಪರಿಷತ್ತಿನ ಸ್ಥಾಪನೆ ಅದರ ಮುಖ್ಯ ಅಂಶಗಳು. ಮಧ್ಯಸ್ಥಿಕೆಯಲ್ಲಿ ಭಾಗಿಯಲ್ಲದ ಮೂರನೆಯವರ ಹಕ್ಕಿಗೆ ತಾಗುವ ವಿವಾದಗಳನ್ನು ಕಾಯಿದೆಯ ಮೊದಲ ಅನುಸೂಚಿ ಹೊರಗಿಟ್ಟಿದೆ. 2023ರ ಅಕ್ಟೋಬರ್ 9ರಂದು ಜಾರಿಗೆ ಬಂದದ್ದು ಇದರ ಕೆಲವು ಸೆಕ್ಷನ್‌ಗಳು ಮಾತ್ರ. ಗಡಿಯಾಚೆಗಿನ ಮಧ್ಯಸ್ಥಿಕೆ ಒಪ್ಪಂದಗಳಿಗೆ ಬಲ ಕೊಡುವ ಸಿಂಗಪುರ ಒಡಂಬಡಿಕೆಗೆ ಭಾರತ 2019ರ ಆಗಸ್ಟ್ 7ರಂದು ಸಹಿ ಹಾಕಿದೆ, ಆದರೆ ಅದನ್ನು ಸ್ಥಿರೀಕರಿಸಿಲ್ಲ.